ವಾಲಿದ ಅಕ್ಷರದ ಚೆಲುವು ಮತ್ತು ಓದುಗನ ಕಣ್ಣು

ಕೆಲವು ತಿಂಗಳ ಹಿಂದೆ ಮನೆಗೊಂದು ಮದುವೆಯ ಕರೆಯೋಲೆ ಬಂತು. ದಪ್ಪ ಕಾಗದ, ಚಿನ್ನದ ಬಣ್ಣದ ಮಸಿ, ಬಲಕ್ಕೆ ವಾಲಿದ ಇಂಗ್ಲಿಷ್ ಅಕ್ಷರಗಳು. ವಧೂವರರ ಹೆಸರಿನ ಚೆಂದವನ್ನು ಮನೆಯವರೆಲ್ಲ ಮೆಚ್ಚಿದರು. ಆದರೆ ಹಿರಿಯರೊಬ್ಬರು ಕೆಳಗಿನ ಸಣ್ಣ ಸಾಲುಗಳನ್ನು ಓದಲು ಕಿಟಕಿಯ ಬಳಿಗೆ ಹೋದರು, ಕನ್ನಡಕ ಒರೆಸಿಕೊಂಡರು, ಕೊನೆಗೆ ‘ಮದುವೆ ಯಾವ ಹಾಲ್‌ನಲ್ಲಿ ಮಾರಾಯ?’ ಎಂದು ನನ್ನನ್ನೇ ಕೇಳಿದರು. ಹೆಸರನ್ನು ಬೆಳಗಿದ ಅಕ್ಷರವೇ ವಿಳಾಸವನ್ನು ಮರೆಮಾಡಿತ್ತು.

ಆ ಅಕ್ಷರ ಬೊಡೋನಿ ಇಟಾಲಿಕ್. ಇದರ ಮೂಲಪುರುಷ ಇಟಲಿಯ ಜಾಂಬತ್ತಿಸ್ತಾ ಬೊಡೋನಿ (1740-1813). 1768ರಲ್ಲಿ ಪಾರ್ಮಾದ ಡ್ಯೂಕನ ಮುದ್ರಣಾಲಯದ ಹೊಣೆ ಹೊತ್ತ ಈತನ ಪುಟಗಳು ವಿಶಾಲವಾದ ಅಂಚು, ನುಣುಪಾದ ಕಾಗದ, ಗಾಢ ಕಪ್ಪು ಮಸಿಯಿಂದ ಹೆಸರಾದವು. ಅವನ ಅಕ್ಷರಗಳ ಮಾದರಿಗ್ರಂಥವನ್ನು 1818ರಲ್ಲಿ ಹೊರತಂದವರು ಅವನ ಪತ್ನಿ. ಅರಮನೆಯ ಆಶ್ರಯದಲ್ಲಿ ಬೆಳೆದ ಅಕ್ಷರಕ್ಕೆ ಅರಮನೆಯ ಠೀವಿಯೂ ಬಂದಿದೆ.

ಈ ಅಕ್ಷರದ ಸ್ವಭಾವವೆಲ್ಲ ಅದರ ಗೆರೆಗಳಲ್ಲಿದೆ. ಒಂದು ಗೆರೆ ಕಂಬದಂತೆ ದಪ್ಪ, ಪಕ್ಕದ್ದು ಕೂದಲೆಳೆಯಂತೆ ತೆಳು, ನಡುವೆ ರಾಜಿಯಿಲ್ಲ. ಅಕ್ಷರದ ತುದಿಯ ಪುಟ್ಟ ಗೆರೆಗಳೂ, ಅಂದರೆ ಸೆರಿಫ್‌ಗಳೂ, ಹಾಗೆಯೇ ತೆಳು. ನೆಟ್ಟಗೆ ನಿಂತಾಗ ಬೊಡೋನಿ ಬಿಗುಮಾನದ ಅಕ್ಷರ. ವಾಲಿದಾಗ ಅದಕ್ಕೊಂದು ಬಳುಕು ಬರುತ್ತದೆ. ಎರಡು ಅಂತಸ್ತಿನ ‘ಎ’ ಒಂದೇ ಅಂತಸ್ತಿನದಾಗಿ, ಕೈಬರಹವನ್ನು ನೆನಪಿಸುತ್ತದೆ. ಇದು ಆಕಸ್ಮಿಕವಲ್ಲ. 1501ರಲ್ಲಿ ವೆನಿಸ್‌ನ ಆಲ್ಡಸ್ ಮನುಟಿಯಸ್ ತನ್ನ ಕೈಹೊತ್ತಗೆಗಳಿಗೆ ಬಳಸಿದ ಮೊದಲ ಇಟಾಲಿಕ್ ಮೊಳೆಗಳನ್ನು ಫ್ರಾನ್ಸೆಸ್ಕೊ ಗ್ರಿಫೊ ಕೊರೆದದ್ದು ಕೈಬರಹದ ಮಾದರಿಯಲ್ಲೇ.

ಹಾಗಾದರೆ ಇದನ್ನು ಎಲ್ಲಿ ಬಳಸಬೇಕು? ದೊಡ್ಡ ಗಾತ್ರದಲ್ಲಿ, ಕೆಲವೇ ಪದಗಳಿಗೆ, ಒಳ್ಳೆಯ ಕಾಗದದ ಮೇಲೆ ಇದಕ್ಕೆ ಸಾಟಿಯಿಲ್ಲ. ಫ್ಯಾಷನ್ ಪತ್ರಿಕೆಗಳು ಬೊಡೋನಿಯನ್ನೂ ಅದರ ಫ್ರೆಂಚ್ ಸೋದರ ದಿದೋವನ್ನೂ ಅಪ್ಪಿಕೊಂಡದ್ದು ಸುಮ್ಮನಲ್ಲ. ಆದರೆ ಗಾತ್ರ ಕುಗ್ಗಿದಂತೆ ಕೂದಲೆಳೆಗಳು ಕರಗಿ, ಸಾಲೆಂಬುದು ದಪ್ಪ ಕಂಬಗಳ ಬೇಲಿಯಾಗುತ್ತದೆ. ಲೋಹದ ಮೊಳೆಯ ಕಾಲದಲ್ಲಿ ಪ್ರತಿ ಗಾತ್ರವನ್ನೂ ಬೇರೆಯಾಗಿ ಕೊರೆಯುತ್ತಿದ್ದರು. ಸಣ್ಣದಕ್ಕೆ ತೆಳುಗೆರೆಯನ್ನು ತುಸು ದಪ್ಪವಾಗಿಸಲು ಸಾಧ್ಯವಿತ್ತು. ಕಂಪ್ಯೂಟರ್ ಬಂದ ಮೇಲೆ ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವುದೇ ರೂಢಿಯಾಯಿತು. 1994ರ ಐಟಿಸಿ ಬೊಡೋನಿ ಆರು, ಹನ್ನೆರಡು, ಎಪ್ಪತ್ತೆರಡು ಪಾಯಿಂಟ್‌ಗಳಿಗೆ ಪ್ರತ್ಯೇಕ ರೂಪ ಕೊಟ್ಟು ಈ ತಪ್ಪನ್ನು ತಿದ್ದಿತು. ನಮ್ಮ ಕರೆಯೋಲೆಯವರಿಗೆ ಅಷ್ಟು ವ್ಯವಧಾನ ಎಲ್ಲಿದೆ?

ಕನ್ನಡದಲ್ಲಿ ಇನ್ನೊಂದು ತೊಂದರೆಯಿದೆ. ನಮ್ಮಲ್ಲಿ ಇಟಾಲಿಕ್ ಎಂಬ ಪರಂಪರೆಯಿಲ್ಲ. ಆದರೂ ಡಿಟಿಪಿ ಪರದೆಯ ಒಂದು ಗುಂಡಿ ಒತ್ತಿ ದುಂಡಗಿನ ಕನ್ನಡ ಅಕ್ಷರಗಳನ್ನು ಓರೆಯಾಗಿಸುತ್ತೇವೆ. ಇಟಾಲಿಕ್ ಬೇರೆಯೇ ಆಗಿ ಬರೆದ ಅಕ್ಷರ. ನಮ್ಮದು ತಳ್ಳಿ ವಾಲಿಸಿದ ಅಕ್ಷರ. ಒತ್ತಕ್ಷರಗಳು ತಮ್ಮ ಮೇಲಿನ ಅಕ್ಷರದಡಿಯಿಂದ ಎಡಕ್ಕೆ ಜಾರುತ್ತವೆ. ಒಂದು ಮಾತಿಗೆ ಒತ್ತು ಕೊಡಬೇಕಿದ್ದರೆ ದಪ್ಪಕ್ಷರವಿದೆ, ಉದ್ಧರಣ ಚಿಹ್ನೆಯಿದೆ.

ಬೊಡೋನಿ ಇಟಾಲಿಕನ್ನು ದೂರಿ ಫಲವಿಲ್ಲ. ಅದು ತನ್ನ ಜಾಗದಲ್ಲಿ ಅಪ್ಪಟ ಕಲೆ. ವಧೂವರರ ಹೆಸರು ಅದರಲ್ಲೇ ಇರಲಿ. ದಿನಾಂಕ, ಸಮಯ, ಹಾಲ್‌ನ ವಿಳಾಸ ಮಾತ್ರ ಸಾದಾ ಅಕ್ಷರದಲ್ಲಿ, ಕಪ್ಪು ಮಸಿಯಲ್ಲಿರಲಿ. ಕರೆದವರು ಬರಬೇಕೆಂದಲ್ಲವೇ ಕರೆಯೋಲೆ?