ಬಿಟ್ಟಿ ಬಾಳೆಹಣ್ಣಿಗೆ ಗಿರಾಕಿ ಯಾರು?

2024ರ ಜೂನ್‌ನಲ್ಲಿ ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಮಳಿಗೆ ಸ್ಟೀಮ್‌ನ ಅತಿ ಹೆಚ್ಚು ಜನ ಆಡುವ ಗೇಮ್‌ಗಳ ಪಟ್ಟಿಯಲ್ಲಿ ಕೌಂಟರ್-ಸ್ಟ್ರೈಕ್ 2ರ ಬೆನ್ನಿಗೇ ಒಂದು ಬಾಳೆಹಣ್ಣು ಬಂದು ನಿಂತಿತು. ‘ಬನಾನಾ’ ಎಂಬ ಆ ಪುಕ್ಕಟೆ ಗೇಮನ್ನು ಏಕಕಾಲಕ್ಕೆ ತೆರೆದಿಟ್ಟ ಖಾತೆಗಳು 9 ಲಕ್ಷ ದಾಟಿದವು. ಡೋಟಾ 2, ಪಬ್‌ಜಿಯಂಥ ಘಟಾನುಘಟಿಗಳು ಹಿಂದೆ ಬಿದ್ದರು. ಗೇಮಿನಲ್ಲಿ ಇದ್ದದ್ದಾದರೂ ಏನು? ಪರದೆಯ ನಡುವೆ ಒಂದು ಬಾಳೆಹಣ್ಣು, ಜತೆಗೊಂದು ಅಂಕಿ. ಹಣ್ಣನ್ನು ಒತ್ತಿದರೆ ಅಂಕಿ ಒಂದು ಏರುತ್ತದೆ. ಒತ್ತದೆ ಸುಮ್ಮನಿದ್ದರೂ ನಷ್ಟವಿಲ್ಲ. ಮೂರು ಗಂಟೆಗೊಮ್ಮೆ ಒಂದು ಸಾಧಾರಣ ಹಣ್ಣು, ಹದಿನೆಂಟು ಗಂಟೆಗೊಮ್ಮೆ ಒಂದಿಷ್ಟು ಅಪರೂಪದ ಹಣ್ಣು ಆಟಗಾರನ ಇನ್ವೆಂಟರಿಗೆ ಬೀಳುತ್ತಿತ್ತು. ಆ ಹಣ್ಣನ್ನು ಸ್ಟೀಮ್ ಮಾರ್ಕೆಟ್‌ನಲ್ಲಿ ಮಾರಬಹುದಿತ್ತು. ಜನ ಮುಗಿಬಿದ್ದದ್ದು ಅದಕ್ಕೆ.

ಹೀಗೆ ಸುಮ್ಮನಿದ್ದರೂ ತಾವಾಗಿ ಸಾಗುವ ಐಡಲ್ ಗೇಮ್‌ಗಳ ವಿಷಯ ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಒಂದೇ: ‘ಇದರಲ್ಲಿ ನಿಜವಾಗಿಯೂ ದುಡ್ಡು ಬರುತ್ತದೆಯೇ?’ ಬರುತ್ತದೆ. ಆದರೆ ಎಷ್ಟು ಬರುತ್ತದೆ, ಯಾರಿಗೆ ಬರುತ್ತದೆ, ಯಾರ ಜೇಬಿನಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಅದರ ಜತೆಗೇ ಕೇಳಿಕೊಳ್ಳಬೇಕು. ಈ ವಾರ ಅದನ್ನೇ ಬಿಡಿಸಿ ನೋಡೋಣ.

ಮೊದಲು ಈ ಜಾತಿಯ ಗೇಮ್‌ಗಳ ಬಗ್ಗೆ ಎರಡು ಮಾತು. 2002ರಲ್ಲಿ ಎರಿಕ್ ಫ್ರೆಡ್ರಿಕ್ಸನ್ ಎಂಬಾತ ‘ಪ್ರೋಗ್ರೆಸ್ ಕ್ವೆಸ್ಟ್’ ಬರೆದ. ಅದರಲ್ಲಿ ನಾಯಕನಿಗೊಂದು ಹೆಸರಿಟ್ಟು ಬಿಟ್ಟರೆ ಆಟಗಾರನ ಕೆಲಸ ಮುಗಿಯಿತು. ರಾಕ್ಷಸರನ್ನು ಕೊಲ್ಲುವುದು, ಸಿಕ್ಕ ಲೂಟ್ ಹೊತ್ತು ಸಂತೆಗೆ ಹೋಗಿ ಮಾರುವುದು, ಬಂದ ಹಣದಲ್ಲಿ ಹೊಸ ಆಯುಧ ಕೊಳ್ಳುವುದು, ಎಲ್ಲವನ್ನೂ ನಾಯಕ ತಾನೇ ಮಾಡಿಕೊಳ್ಳುತ್ತಾನೆ. 2013ರಲ್ಲಿ ಫ್ರಾನ್ಸಿನ ಜೂಲಿಯನ್ ತಿಯೆನೊ, ‘ಓರ್ತೇಲ್’ ಎಂಬ ಹೆಸರಿನಲ್ಲಿ, ‘ಕುಕಿ ಕ್ಲಿಕರ್’ ತಂದ ಮೇಲೆ ಐಡಲ್ ಗೇಮ್ ಮನೆಮಾತಾಯಿತು. ಅದರಲ್ಲಿ ಅಜ್ಜಿಯರನ್ನು, ತೋಟಗಳನ್ನು, ಕಾರ್ಖಾನೆಗಳನ್ನು ಕೊಳ್ಳುತ್ತ ಹೋಗಬೇಕು. ಪ್ರತಿ ಸಲ ಕೊಂಡಾಗಲೂ ಅದೇ ವಸ್ತುವಿನ ಮುಂದಿನ ಬೆಲೆ ಶೇ 15ರಷ್ಟು ಏರುತ್ತದೆ. ಈಗಲೇ ಕೊಳ್ಳಬೇಕೋ, ಇನ್ನಷ್ಟು ಹೊತ್ತು ಕಾದು ದೊಡ್ಡದನ್ನು ಹಿಡಿಯಬೇಕೋ ಎಂಬ ಲೆಕ್ಕಾಚಾರವೇ ಅದರ ರುಚಿ. ಒಳ್ಳೆಯ ಐಡಲ್ ಗೇಮ್‌ನಲ್ಲಿ ಕೈ ಸುಮ್ಮನಿರುತ್ತದೆ, ತಲೆ ಸುಮ್ಮನಿರುವುದಿಲ್ಲ. ಬೆಳಿಗ್ಗೆ ಬಿಟ್ಟು ಹೋದದ್ದು ಸಂಜೆಗೆ ಎಷ್ಟಾಗಿದೆ ಎಂದು ನೋಡುವ ಕುತೂಹಲಕ್ಕೆ ಬೆಲೆ ಕಟ್ಟಲಾಗದು.

ಸ್ಟೀಮ್‌ನಲ್ಲಿ ಗೇಮ್ ಐಟಂಗಳಿಗೆ ಬೆಲೆ ಕಟ್ಟುವ ಕೆಲಸ ಶುರುವಾದದ್ದು 2012ರ ಡಿಸೆಂಬರಿನಲ್ಲಿ, ಅದರ ಒಡೆಯ ವಾಲ್ವ್ ಕಂಪನಿ ಅದರೊಳಗೇ ಕಮ್ಯುನಿಟಿ ಮಾರ್ಕೆಟ್ ತೆರೆದಾಗ. ಅಲ್ಲಿ ಒಂದು ಐಟಂ ಮಾರುವ ಬಗೆ ಹೀಗಿದೆ. ಇನ್ವೆಂಟರಿಗೆ ಹೋಗಿ ಐಟಂ ಆರಿಸಿ ‘ಸೆಲ್’ ಒತ್ತಿದರೆ ಕಿಟಕಿಯೊಂದು ತೆರೆಯುತ್ತದೆ. ಅದು ಈವರೆಗೆ ಯಾವ ದರದಲ್ಲಿ ಮಾರಾಟವಾಗಿದೆ ಎಂಬ ನಕ್ಷೆ ಮೇಲೆ, ಎರಡು ಚೌಕಗಳು ಕೆಳಗೆ. ಒಂದರಲ್ಲಿ ನಿಮ್ಮ ಕೈಗೆ ಬರುವ ಹಣ, ಇನ್ನೊಂದರಲ್ಲಿ ಕೊಳ್ಳುವವನು ತೆರಬೇಕಾದ ಹಣ. ಒಂದರಲ್ಲಿ 100 ಎಂದು ಬರೆದರೆ ಇನ್ನೊಂದರಲ್ಲಿ ಸಾಮಾನ್ಯವಾಗಿ 115 ಎಂದು ತಾನೇ ಮೂಡುತ್ತದೆ. ಆ ಹೆಚ್ಚಿನ 15ರಲ್ಲಿ 5 ಸ್ಟೀಮ್‌ಗೆ, 10 ಗೇಮ್ ಮಾಡಿದವರಿಗೆ. ಬಳಿಕ ಮೊಬೈಲ್‌ನ ಸ್ಟೀಮ್ ಆ್ಯಪ್‌ನಲ್ಲಿ ಒಪ್ಪಿಗೆ ಒತ್ತಬೇಕು. ಆ್ಯಪ್‌ನ ಅಥೆಂಟಿಕೇಟರ್ ಹಾಕಿಕೊಳ್ಳದವರ ಮಾಲನ್ನು 15 ದಿನದವರೆಗೆ ತಡೆಹಿಡಿಯುತ್ತಾರೆ. ಸ್ಟೀಮ್‌ನಲ್ಲಿ ಏನನ್ನೂ ಕೊಳ್ಳದ ಖಾತೆಗೆ ಮಾರುವ ಅವಕಾಶವೇ ಇಲ್ಲ.

ಈ ಚೌಕಗಳನ್ನು ಅತಿ ಕಡಿಮೆ ದರದಲ್ಲಿ ನೋಡಿದರೆ ಬಜಾರಿನ ಗುಟ್ಟು ಗೊತ್ತಾಗುತ್ತದೆ. ಡಾಲರ್ ಲೆಕ್ಕದಲ್ಲಿ ಅಲ್ಲಿನ ಕನಿಷ್ಠ ಬೆಲೆ 3 ಸೆಂಟ್. ಅದರಲ್ಲಿ ಒಂದು ಸೆಂಟ್ ಸ್ಟೀಮ್‌ಗೆ, ಒಂದು ಗೇಮ್ ಮಾಡಿದವರಿಗೆ, ಒಂದು ಮಾರಿದವನಿಗೆ. ಬನಾನಾದ ಹಣ್ಣುಗಳಲ್ಲಿ ಬಹುಪಾಲು ಮಾರಾಟವಾದದ್ದು ಈ ತಳದ ಆಸುಪಾಸಿನಲ್ಲೇ. ಇದು ಮಂಡಿಯ ದಲಾಲಿಯ ಹಾಗೆ: ಬೆಳೆದವನಿಗೆ ಗಿಟ್ಟಲಿ ಬಿಡಲಿ, ಕೊಂಡವನು ಗೆಲ್ಲಲಿ ಸೋಲಲಿ, ಪ್ರತಿ ಸಲ ಮಾಲು ಕೈ ಬದಲಾದಾಗಲೂ ದಲಾಲಿ ತಪ್ಪುವುದಿಲ್ಲ. ಒಂದೇ ಹಣ್ಣು ಹತ್ತು ಕೈ ದಾಟಿದರೆ ಹತ್ತು ಸಲ ದಲಾಲಿ.

ಈಗ ಸಾಧಾರಣ ಆಟಗಾರನ ಲೆಕ್ಕ ಹಾಕೋಣ. ಮೂರು ಗಂಟೆಗೊಂದರಂತೆ ದಿನಕ್ಕೆ ಎಂಟು ಹಣ್ಣು. ಒಂದಕ್ಕೆ ಒಂದು ಸೆಂಟ್ ಕೈಗೆ ಬಂದರೆ ದಿನಕ್ಕೆ 8 ಸೆಂಟ್, ತಿಂಗಳಿಗೆ 2 ಡಾಲರ್ 40 ಸೆಂಟ್. 2024ರ ವಿನಿಮಯ ದರದಲ್ಲಿ ಅದು ಸುಮಾರು 200 ರೂಪಾಯಿ. ಇದಕ್ಕಾಗಿಯೇ ಕಂಪ್ಯೂಟರನ್ನು ಹಗಲಿರುಳೂ ಚಾಲೂ ಇಟ್ಟು, ಅದು 100 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. ತಿಂಗಳಿಗೆ 72 ಯೂನಿಟ್ ಕರೆಂಟ್ ಆಯಿತು. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 432 ರೂಪಾಯಿ. ಇನ್ನೂರು ಗಳಿಸಲು ನಾನೂರಕ್ಕೂ ಹೆಚ್ಚು ಖರ್ಚು! ಬೇರೆ ಕೆಲಸಕ್ಕೆ ಹೇಗೂ ತೆರೆದಿರುವ ಕಂಪ್ಯೂಟರಿನ ಮೂಲೆಯಲ್ಲಿ ಗೇಮ್ ತನ್ನ ಪಾಡಿಗೆ ತಾನಿದ್ದರೆ ಮಾತ್ರ ಅದು ಲಾಭ.

ಲಾಟರಿ ಹೊಡೆದವರಿಲ್ಲವೇ? ಇದ್ದಾರೆ. ‘ಕ್ರಿಪ್ಟಿಕ್‌ನಾನಾ’ ಎಂಬ ಅಪರೂಪದ ಹಣ್ಣು 1,300 ಡಾಲರ್‌ಗೂ ಹೆಚ್ಚಿನ ಬೆಲೆಗೆ ಹೋಯಿತು. ಆ ಸುದ್ದಿ ಹರಡಿದ್ದೇ ಸಾವಿರಾರು ಜನ ಬಂದು ಕೂತರು. ಒಬ್ಬೊಬ್ಬರೇ ಸಾವಿರದವರೆಗೂ ಖಾತೆ ತೆರೆದು ಹಣ್ಣು ಕೊಯ್ಯುತ್ತಿದ್ದಾರೆಂದು ಗೇಮ್ ಮಾಡಿದವರೇ ಪತ್ರಿಕೆಗಳಿಗೆ ಹೇಳಿದರು. ಆ 9 ಲಕ್ಷದಲ್ಲಿ ಮನುಷ್ಯರೆಷ್ಟು, ಬಾಟ್‌ಗಳೆಷ್ಟು ಎಂದು ವಿಂಗಡಿಸುವುದು ಕಷ್ಟವಾಯಿತು. ಕೊಯ್ಯುವವರು ಹೆಚ್ಚಿದಷ್ಟೂ ಸಾಧಾರಣ ಹಣ್ಣಿನ ರಾಶಿ ಬೆಳೆಯಿತು, ಬೆಲೆ ತಳದಲ್ಲೇ ಉಳಿಯಿತು. ಇದರ ಬೆನ್ನಿಗೆ ಸೌತೆಕಾಯಿ, ಮೊಟ್ಟೆ, ಬೆಕ್ಕು ಎಂದು ಅದೇ ಅಚ್ಚಿನ ಗೇಮ್‌ಗಳು ಸ್ಟೀಮ್‌ನಲ್ಲಿ ಸಾಲುಗಟ್ಟಿದವು.

ನನ್ನ ತಕರಾರು ಇರುವುದು ಇಲ್ಲಿ. ಯಾವುದೇ ಮಾಲಿಗೆ ಕೊನೆಗೊಬ್ಬ ಬಳಸುವವನಿರಬೇಕು. ಬನಾನಾದ ಹಣ್ಣಿಗೆ ಅಂಥವರು ತೀರ ಕಡಿಮೆ. ಅದನ್ನು ಗೇಮಿನಲ್ಲಿ ಯಾವ ಕೆಲಸಕ್ಕೂ ಬಳಸುವಂತಿರಲಿಲ್ಲ. ಕೊಂಡವನೂ ಮಾರುವವನೇ, ಮುಂದಿನವನು ಇನ್ನೂ ಹೆಚ್ಚು ಕೊಡುತ್ತಾನೆಂದು ಕೊಳ್ಳುವವನು. ಇಂಥ ಸರಪಳಿಯಲ್ಲಿ ಕೊನೆಯವನ ಜೇಬಿನಿಂದ ಹೋದ ಹಣವೇ ಮೊದಲಿನವರ ಲಾಭ.

ಇದಕ್ಕೆ ಎದುರಾಗಿ ‘ಟೀಮ್ ಫೋರ್ಟ್ರೆಸ್ 2’ರ ಟೋಪಿಗಳನ್ನು ನೋಡಿ. 2009ರಲ್ಲಿ ವಾಲ್ವ್ ಆ ಗೇಮಿನಲ್ಲಿ ಆಡಿದ ಹೊತ್ತಿಗೆ ತಕ್ಕಂತೆ ಐಟಂಗಳು ತಾವಾಗಿ ಬೀಳುವ ಏರ್ಪಾಟು ಮಾಡಿತು. ಕೂಡಲೇ ಆಡದೆಯೇ ಆಡಿದ ಹಾಗೆ ತೋರಿಸುವ ಪ್ರೋಗ್ರಾಂಗಳು ಹುಟ್ಟಿಕೊಂಡವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಾಲ್ವ್, ಹಾಗೆ ಗಳಿಸಿದವರ ಐಟಂಗಳನ್ನು ವಾಪಸು ಕಿತ್ತುಕೊಂಡು, ಅಡ್ಡದಾರಿ ಹಿಡಿಯದ ಆಟಗಾರರ ತಲೆಗೆ ಒಂದು ಪ್ರಭಾವಲಯ ತೊಡಿಸಿತು. 2013ರಲ್ಲಿ ಇನ್ನೂ ಬಿಗಿ ಮಾಡಿ, ಬಿದ್ದ ಐಟಂ ಅನ್ನು ಆಟಗಾರ ನೋಡಿ ಒಪ್ಪಿಕೊಳ್ಳುವವರೆಗೆ ಮುಂದಿನದು ಬೀಳದಂತೆ ಮಾಡಿತು. ಇಷ್ಟೆಲ್ಲ ಆದರೂ ಆ ಟೋಪಿಗಳ ವ್ಯಾಪಾರ ಇವತ್ತಿಗೂ ನಡೆಯುತ್ತಿದೆ. ಕಾರಣ, ಅದನ್ನು ತೊಟ್ಟು ಮೈದಾನಕ್ಕಿಳಿಯುವ ಆಟಗಾರ ಇನ್ನೂ ಇದ್ದಾನೆ. ಅವನಿಗೆ ಬೇಕಾದದ್ದು ಟೋಪಿ. ಮಾರುವ ಆಲೋಚನೆ ಆಮೇಲಿನದು.

ಇದನ್ನೆಲ್ಲ ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕ್ಯಾಸ್ಟ್ರೊನೋವಾ 2001ರಲ್ಲಿಯೇ ‘ಎವರ್‌ಕ್ವೆಸ್ಟ್’ ಗೇಮಿನ ಲೋಕವನ್ನು ಅಧ್ಯಯನ ಮಾಡಿ, ಅಲ್ಲಿ ಗಳಿಸಿದ್ದನ್ನು ಹೊರಗೆ ಮಾರಿದರೆ ಗಂಟೆಗೆ ಸುಮಾರು 3 ಡಾಲರ್ 42 ಸೆಂಟ್ ದುಡಿದಂತಾಗುತ್ತದೆ ಎಂದು ಲೆಕ್ಕ ಹಾಕಿದ್ದರು. 2012ರಲ್ಲಿ ವಾಲ್ವ್ ತನ್ನ ಬಜಾರುಗಳನ್ನು ಅಭ್ಯಾಸ ಮಾಡಲು ಯಾನಿಸ್ ವಾರುಫಾಕಿಸ್ ಅವರನ್ನು ಕರೆಸಿಕೊಂಡಿತು. ಅವರೇ 2015ರಲ್ಲಿ ಗ್ರೀಸ್ ದೇಶದ ಹಣಕಾಸು ಸಚಿವರಾದವರು. ಕ್ಯಾಸ್ಟ್ರೊನೋವಾ ಲೆಕ್ಕದಲ್ಲಿ ಒಂದು ಅಂಶ ಗಮನಿಸಬೇಕು: ಎವರ್‌ಕ್ವೆಸ್ಟ್‌ನಲ್ಲಿ ಗಂಟೆಗಟ್ಟಲೆ ಬೆವರು ಹರಿಸಿ ಆಡಬೇಕಿತ್ತು. ಇನ್ನೊಬ್ಬನ ಆ ಶ್ರಮ ಉಳಿಸಿದ್ದಕ್ಕೆ ಕೊಳ್ಳುವವನು ಹಣ ಕೊಡುತ್ತಿದ್ದ. ಐಡಲ್ ಗೇಮ್‌ನಲ್ಲಿ ಉಳಿಸಿಕೊಡುವ ಶ್ರಮವೇ ಇಲ್ಲ. ನಾನು ಸುಮ್ಮನೆ ಕೂತು ಪಡೆದದ್ದನ್ನು ನೀವೂ ಸುಮ್ಮನೆ ಕೂತು ಪಡೆಯಬಹುದು. ಹಾಗಿರುವಾಗ ಬೆಲೆ ಸೆಂಟ್‌ಗೆ ಇಳಿಯದೆ ಇನ್ನೇನಾದೀತು?

ದುಡ್ಡು ಹೆಚ್ಚು ಬಂದರೆ ಆಟಕ್ಕೆ ಒಳ್ಳೆಯದೇ ಎಂದುಕೊಳ್ಳುವುದೂ ತಪ್ಪು. ಬ್ಲಿಝಾರ್ಡ್ ಕಂಪನಿ 2012ರಲ್ಲಿ ‘ಡಯಾಬ್ಲೊ 3’ರೊಳಗೆ ನಿಜವಾದ ಹಣದ ಹರಾಜುಕಟ್ಟೆ ತೆರೆಯಿತು. ಒಂದು ಐಟಂ ಅನ್ನು 250 ಡಾಲರ್‌ವರೆಗೂ ಮಾರಬಹುದಿತ್ತು, ಬಂದ ಹಣವನ್ನು ಪೇಪಾಲ್‌ಗೆ ತೆಗೆದುಕೊಳ್ಳಲೂ ದಾರಿಯಿತ್ತು. ಆದರೆ ರಾಕ್ಷಸನನ್ನು ಕೊಂದಾಗ ಬಿದ್ದ ಕತ್ತಿಗಿಂತ ಉತ್ತಮವಾದದ್ದು ಹರಾಜಿನಲ್ಲಿ ಅಗ್ಗಕ್ಕೆ ಸಿಗುತ್ತಿದ್ದರಿಂದ, ಕೊಂದು ಗಳಿಸುವ ಸುಖವೇ ಹೋಯಿತು. ಆಟದ ಮೂಲ ಗುಣಕ್ಕೇ ಇದು ಪೆಟ್ಟು ಎಂದು ಕಂಪನಿಯೇ ಒಪ್ಪಿಕೊಂಡು 2014ರ ಮಾರ್ಚ್ 18ರಂದು ಕಟ್ಟೆಯನ್ನು ಮುಚ್ಚಿತು. ಹಣ ಓಡಾಡುತ್ತಿದ್ದ ಬಜಾರನ್ನು ಆಟದ ಸಲುವಾಗಿ ಬಿಟ್ಟುಕೊಟ್ಟ ಆ ತೀರ್ಮಾನವನ್ನು ನಾನು ಮೆಚ್ಚುತ್ತೇನೆ.

ಇಷ್ಟಾಗಿಯೂ ‘ಸಿಕ್ಕಷ್ಟು ಸಿಗಲಿ, ಕೂಡಿಡುತ್ತೇನೆ, ಮುಂದೆ ಬೆಲೆ ಏರೀತು’ ಎನ್ನುವವರಿಗೆ ಎರಡು ಎಚ್ಚರಿಕೆ. ಮೊದಲನೆಯದು, ನಿಯಮ ಬರೆಯುವ ಲೇಖನಿ ಕಂಪನಿಯ ಕೈಯಲ್ಲಿದೆ. ಕೌಂಟರ್-ಸ್ಟ್ರೈಕ್ 2ರ ಚಾಕುಗಳು ವರ್ಷಗಟ್ಟಲೆ ದುಬಾರಿ ಆಸ್ತಿಯಂತಿದ್ದವು. 2025ರ ಅಕ್ಟೋಬರಿನಲ್ಲಿ ವಾಲ್ವ್ ಒಂದು ಅಪ್‌ಡೇಟ್ ಬಿಟ್ಟು, ಕೆಂಪು ದರ್ಜೆಯ ಐದು ಆಯುಧ ಸ್ಕಿನ್ ಕೊಟ್ಟರೆ ಒಂದು ಚಾಕು ಅಥವಾ ಗ್ಲೌಸ್ ಪಡೆಯಬಹುದು ಎಂದಿತು. ಬೆಳಗಾಗುವಷ್ಟರಲ್ಲಿ ಚಾಕುಗಳ ಬೆಲೆ ಪಾತಾಳಕ್ಕಿಳಿಯಿತು. ಹುಡುಕಿಕೊಂಡು ಹೋಗಿ ದೂರು ಕೊಡಲು ಜಾಗವಿಲ್ಲ, ಏಕೆಂದರೆ ಐಟಂ ನಿಮ್ಮ ಸ್ವತ್ತೆಂದು ಯಾವ ಕರಾರಿನಲ್ಲೂ ಬರೆದಿಲ್ಲ.

ಎರಡನೆಯದು, ಸ್ಟೀಮ್ ಮಾರ್ಕೆಟ್‌ನಲ್ಲಿ ಬಂದ ಹಣ ಸ್ಟೀಮ್ ವಾಲೆಟ್‌ನಲ್ಲೇ ಉಳಿಯುತ್ತದೆ. ನಮ್ಮ ಖಾತೆಗಳಲ್ಲಿ ಅದು ರೂಪಾಯಿಯಾಗಿಯೇ ಕಾಣುತ್ತದೆ, ಆದರೆ ಬ್ಯಾಂಕಿಗೆ ಬರುವುದಿಲ್ಲ. ಅದರಿಂದ ಗೇಮ್ ಕೊಳ್ಳಬಹುದು, ಇನ್ನೊಂದು ಐಟಂ ಕೊಳ್ಳಬಹುದು, ಅಷ್ಟೇ. ನಗದು ಬೇಕೆಂದವರು ಹೊರಗಿನ ಸೈಟ್‌ಗಳ ಬಾಗಿಲು ತಟ್ಟುತ್ತಾರೆ. ಅಲ್ಲಿ ವ್ಯಾಪಾರ ಮಾಡುವುದು ಸ್ಟೀಮ್‌ನ ಕರಾರಿಗೆ ವಿರುದ್ಧ, ಖಾತೆಯೇ ಹೋಗಬಹುದು. ಮೋಸಗಾರರ ಠಿಕಾಣಿಯೂ ಅದೇ ಬೀದಿಯಲ್ಲಿದೆ. ಸ್ಟೀಮ್‌ನ ಲಾಗಿನ್ ಪುಟದಂತೆಯೇ ಕಾಣುವ ನಕಲಿ ಪುಟದಲ್ಲಿ ಪಾಸ್‌ವರ್ಡ್ ಹಾಕಿಸಿಕೊಂಡು, ನಿಮ್ಮ ಖಾತೆಯ ಹಿಡಿತವನ್ನು ಸದ್ದಿಲ್ಲದೆ ಪಡೆಯುತ್ತಾರೆ. ನೀವು ಕಳಿಸಿದ ನಿಜವಾದ ಟ್ರೇಡ್ ರದ್ದಾಗಿ, ಅದೇ ಹೆಸರು ಅದೇ ಚಿತ್ರದ ಕಳ್ಳ ಖಾತೆಗೆ ಇನ್ನೊಂದು ಟ್ರೇಡ್ ಸಿದ್ಧವಾಗಿರುತ್ತದೆ. ಮೊಬೈಲ್‌ನಲ್ಲಿ ಒಪ್ಪಿಗೆ ಒತ್ತುವ ಮುನ್ನ ಎದುರಿನ ಖಾತೆ ಯಾವಾಗ ಶುರುವಾದದ್ದು, ಅದರ ಮಟ್ಟ ಎಷ್ಟು ಎಂದು ನೋಡದವರು ಮಾಲನ್ನು ತಾವೇ ಕೈಯಾರೆ ಕೊಟ್ಟುಬಿಡುತ್ತಾರೆ.

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆ ಸರಳ. ಗೇಮನ್ನು ಆರಿಸುವಾಗ ಮಾರ್ಕೆಟ್ ಪುಟ ನೋಡಬೇಡಿ. ಅದರಲ್ಲಿ ಮಾರಾಟ ಎಂಬುದೇ ಇಲ್ಲದಿದ್ದರೂ ಒಂದು ತಿಂಗಳು ಆಡುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಇಲ್ಲ ಎಂಬ ಉತ್ತರ ಬಂದರೆ ಬಿಟ್ಟುಬಿಡಿ. ಹೌದು ಎಂದಾದರೆ ಧಾರಾಳವಾಗಿ ಆಡಿ. ಬಿದ್ದ ಐಟಂಗಳಲ್ಲಿ ನಿಮಗೆ ಬೇಕಾದದ್ದನ್ನು ಇಟ್ಟುಕೊಳ್ಳಿ. ಬೇಡದ್ದನ್ನು ಬಿದ್ದ ದಿನವೇ, ಗೇಮ್ ಹೊಸದಾಗಿ ಸುದ್ದಿಯಲ್ಲಿರುವಾಗಲೇ ಮಾರಿ. ತಡಮಾಡಿದಷ್ಟೂ ರಾಶಿ ಬೆಳೆಯುತ್ತದೆ, ಧಾರಣೆ ಇಳಿಯುತ್ತದೆ. ಎರಡನೆಯ ಖಾತೆ ತೆರೆಯಬೇಡಿ, ಇದಕ್ಕಾಗಿಯೇ ರಾತ್ರಿಯಿಡೀ ಕಂಪ್ಯೂಟರ್ ಓಡಿಸಬೇಡಿ, ಮುಂದೆ ಬೆಲೆ ಏರೀತೆಂದು ಸ್ವಂತ ಜೇಬಿನ ಒಂದು ರೂಪಾಯಿಯನ್ನೂ ಹಾಕಬೇಡಿ. ವಾಲೆಟ್‌ನಲ್ಲಿ ಕೂಡಿದ ಪುಡಿಗಾಸಿನಿಂದ ಸ್ಟೀಮ್‌ನ ಬೇಸಿಗೆ ಸೇಲ್‌ನಲ್ಲಿ ಒಂದು ಒಳ್ಳೆಯ ಗೇಮ್ ಕೊಳ್ಳಿ. ಐಡಲ್ ಗೇಮ್‌ನ ಲೂಟ್‌ನಿಂದ ಪ್ರಾಮಾಣಿಕವಾಗಿ ಗಿಟ್ಟುವುದು ಅಷ್ಟು, ಆಟವನ್ನು ಪ್ರೀತಿಸುವವರಿಗೆ ಅಷ್ಟು ಸಾಕು.