ರಕ್ತ ನಿಂತ ಮೇಲಿನ ದಿನಗಳು: ಹೆಣ್ಣುನಾಯಿಯ ಮೊದಲ ಬೆದೆ ಮತ್ತು ಮನೆಯ ಆರೈಕೆ

ಹೆಣ್ಣುನಾಯಿ ಮೊದಲ ಸಲ ಬೆದೆಗೆ ಬರುವುದು ಸಾಮಾನ್ಯವಾಗಿ 6ರಿಂದ 12 ತಿಂಗಳ ವಯಸ್ಸಿನಲ್ಲಿ. ಪಮೇರಿಯನ್, ಪಗ್‌ನಂತಹ ಸಣ್ಣ ತಳಿಗಳು ಆರೇಳು ತಿಂಗಳಿಗೇ ಬರುತ್ತವೆ. ಲ್ಯಾಬ್ರಡಾರ್‌ಗೆ ಒಂಬತ್ತು-ಹತ್ತು ತಿಂಗಳಾಗುವುದುಂಟು. ಮುಧೋಳದಂತಹ ಬೇಟೆನಾಯಿಗಳಲ್ಲಿ ವರ್ಷ ದಾಟುವುದೂ ಇದೆ. ಗ್ರೇಟ್ ಡೇನ್‌ನಂತಹ ಭಾರಿ ತಳಿಗಳಲ್ಲಿ ಒಂದೂವರೆ ವರ್ಷ ಕಳೆದರೂ ಆತಂಕಪಡಬೇಕಿಲ್ಲ. ‘ಹೀಟ್‌ಗೆ ಬಂದಿದೆ’ ಎಂಬುದು ಈಗ ಊರು-ಪೇಟೆ ಎರಡರಲ್ಲೂ ನಡೆಯುವ ಮಾತು. ಮನೆಯವರಿಗೆ ಅದು ತಿಳಿಯುವುದು ನೆಲದ ಮೇಲೆ ಬಿದ್ದ ನಾಲ್ಕು ಹನಿ ರಕ್ತದಿಂದ. ಅಲ್ಲಿಂದ ಮುಂದಿನ ಆರೈಕೆಯೆಲ್ಲ ಆ ರಕ್ತದ ಸುತ್ತಲೇ ನಡೆಯುತ್ತದೆ: ನಾಯಿಯನ್ನು ಹಿತ್ತಲಿಗೆ ಕಟ್ಟುವುದು, ಹಾಸಿಗೆ-ಸೋಫಾದಿಂದ ದೂರ ಇಡುವುದು, ನೆಲ ಒರೆಸುವುದು. ರಕ್ತ ನಿಂತ ದಿನ ಎಲ್ಲ ಮುಗಿಯಿತೆಂದು ಸರಪಳಿ ಬಿಚ್ಚುತ್ತಾರೆ. ಈ ಆರೈಕೆ ಎಡವುವುದು ಇಲ್ಲಿಯೇ.

ತಪ್ಪಿನ ಬೇರು ಮನುಷ್ಯರ ಮುಟ್ಟಿನ ಹೋಲಿಕೆಯಲ್ಲಿದೆ. ಮನುಷ್ಯರಲ್ಲಿ ಗರ್ಭ ಕಟ್ಟದಿದ್ದಾಗ ಗರ್ಭಕೋಶದ ಒಳಪೊರೆ ಕಳಚಿ ರಕ್ತ ಹೋಗುತ್ತದೆ. ನಾಯಿಯಲ್ಲಿ ರಕ್ತ ಕಾಣುವುದು ಗರ್ಭಕ್ಕೆ ತಯಾರಿ ನಡೆಯುವಾಗ. ಈಸ್ಟ್ರೋಜನ್ ಹಾರ್ಮೋನ್ ಏರಿದಂತೆ ಒಳಪೊರೆ ದಪ್ಪವಾಗುತ್ತದೆ, ಅದರ ಸಣ್ಣ ರಕ್ತನಾಳಗಳಿಂದ ರಕ್ತ ಜಿನುಗುತ್ತದೆ; ಅಂಡ ಆಗಿನ್ನೂ ಹೊರಬಂದಿರುವುದಿಲ್ಲ. ಒಂದರಲ್ಲಿ ರಕ್ತ ಕೊನೆಗೆ ಬರುತ್ತದೆ, ಇನ್ನೊಂದರಲ್ಲಿ ಮೊದಲಿಗೇ ಬರುತ್ತದೆ. ಈ ಎರಡನ್ನೂ ಒಂದೇ ಲೆಕ್ಕಕ್ಕೆ ಹಿಡಿದರೆ ನಾಯಿ ಗಬ್ಬವಾಗಬಲ್ಲ ದಿನಗಳಲ್ಲೇ ಅದನ್ನು ಬೀದಿಗೆ ಬಿಟ್ಟಂತಾಗುತ್ತದೆ.

ಮೊದಲ ಹಂತ ಸರಾಸರಿ 9 ದಿನ. ಗುಹ್ಯಭಾಗ ಊದಿಕೊಳ್ಳುತ್ತದೆ, ರಕ್ತಸ್ರಾವ ಇರುತ್ತದೆ, ನಾಯಿ ಮತ್ತೆಮತ್ತೆ ಸ್ವಲ್ಪಸ್ವಲ್ಪವೇ ಮೂತ್ರ ಮಾಡುತ್ತದೆ. ಗಂಡುಗಳು ಸುತ್ತುತ್ತವೆ, ಆದರೆ ಅದು ಹಲ್ಲು ತೋರಿಸಿ ಓಡಿಸುತ್ತದೆ ಅಥವಾ ಬಾಲ ಮುದುರಿ ಕೂತುಬಿಡುತ್ತದೆ. ಎರಡನೆಯ ಹಂತವೂ ಸುಮಾರು 9 ದಿನ. ನಿಜವಾದ ಬೆದೆ ಇದೇ. ಇದರ ಗುರುತು ಕಣ್ಣಿಗೆ ಕಾಣುವಂಥದ್ದು. ಬೆಳಿಗ್ಗೆ ಬಿಳಿ ಹತ್ತಿಬಟ್ಟೆಯ ತುಂಡನ್ನು ಗುಹ್ಯಭಾಗಕ್ಕೆ ಮೃದುವಾಗಿ ಒತ್ತಿ ತೆಗೆದರೆ ಮೊದಲ ವಾರದಲ್ಲಿ ಕಡುಗೆಂಪು ಕಲೆ ಬೀಳುತ್ತದೆ. ಬರಬರುತ್ತ ಅದು ಮಾಂಸ ತೊಳೆದ ನೀರಿನ ಬಣ್ಣಕ್ಕೆ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅದೇ ಹೊತ್ತಿಗೆ ಸೊಂಟದ ಮೇಲೆ, ಬಾಲದ ಬುಡದ ಹತ್ತಿರ ಕೈಯಾಡಿಸಿದರೆ ನಾಯಿ ಬಾಲವನ್ನು ಒಂದು ಪಕ್ಕಕ್ಕೆ ಸರಿಸಿ, ಹಿಂಗಾಲು ಊರಿ ಅಲುಗದೆ ನಿಲ್ಲುತ್ತದೆ. ಮನೆಯವರು ‘ರಕ್ತ ನಿಂತಿತು’ ಎಂದು ನಿಟ್ಟುಸಿರು ಬಿಡುವುದು ಸರಿಯಾಗಿ ಆ ದಿನಗಳಲ್ಲೇ. ಅಂಡ ಬಿಡುಗಡೆಯಾದ ಮೇಲೂ ಬಲಿಯಲು ಎರಡು-ಮೂರು ದಿನ ಬೇಕು, ಗಂಡಿನ ವೀರ್ಯಾಣು ಹೆಣ್ಣಿನ ದೇಹದೊಳಗೆ ಸುಮಾರು ಒಂದು ವಾರದವರೆಗೆ ಬದುಕಬಲ್ಲದು. ಹೀಗಾಗಿ ಒಂದು ದಿನದ ಅಜಾಗರೂಕತೆಯ ಫಲ ಹಲವು ದಿನ ಕಳೆದ ಮೇಲೂ ಕೂಡಿಬರಬಹುದು.

ಮೊದಲ ಬೆದೆಯಲ್ಲಿ ಈ ಕ್ರಮವೇ ತಪ್ಪುವುದುಂಟು. ಕೆಲವು ನಾಯಿಗಳಲ್ಲಿ ರಕ್ತ ಕಾಣುವುದೇ ಇಲ್ಲ, ಅಥವಾ ಕಂಡಷ್ಟನ್ನೂ ನಾಯಿಯೇ ನೆಕ್ಕಿ ಸ್ವಚ್ಛ ಮಾಡಿಬಿಡುತ್ತದೆ. ಇನ್ನು ಕೆಲವು ನಾಯಿಗಳು ಕೆಲವೇ ದಿನ ರಕ್ತ ತೋರಿಸಿ ನಿಂತು, ಕೆಲವು ವಾರ ಬಿಟ್ಟು ಮತ್ತೆ ಬೆದೆಗೆ ಬರುತ್ತವೆ. ಆದ್ದರಿಂದ ಮೊದಲ ಹನಿ, ರಕ್ತವಿಲ್ಲದಿದ್ದರೆ ಗುಹ್ಯಭಾಗದ ಊತ, ಕಂಡ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ ಕನಿಷ್ಠ ಮೂರು ವಾರ, ಕ್ಷೇಮವೆಂದರೆ ನಾಲ್ಕು ವಾರ ಎಚ್ಚರ ವಹಿಸುವುದೇ ನಂಬಲರ್ಹ ಕ್ರಮ.

ಈ ಮೂರು-ನಾಲ್ಕು ವಾರಗಳ ಕಾವಲಿನ ದೃಷ್ಟಿಯಿಂದ ನೋಡಿದರೆ ಮನೆಗಳ ರೂಢಿಗಳಲ್ಲಿ ಅತ್ಯಂತ ದುರ್ಬಲವಾದದ್ದು ಹಿತ್ತಲಿನ ಸರಪಳಿ. ಸರಪಳಿ ಹೆಣ್ಣನ್ನು ಕಟ್ಟುತ್ತದೆಯೇ ಹೊರತು ಗಂಡನ್ನು ತಡೆಯುವುದಿಲ್ಲ. ರಾತ್ರಿ ಕಾಂಪೌಂಡ್ ಹಾರಿ ಬಂದ ನಾಲ್ಕಾರು ಗಂಡುನಾಯಿಗಳ ನಡುವೆ ಎಂಟು ತಿಂಗಳ ಮರಿಯೊಂದು ಮೂರಡಿ ಸರಪಳಿಯ ತುದಿಯಲ್ಲಿ ನಿಂತಿರುವುದು ಕಲ್ಪನೆಗೆ ಬಂದರೆ ಸಾಕು. ಓಡುವ ದಾರಿಯನ್ನು ಮನೆಯವರೇ ಮುಚ್ಚಿರುತ್ತಾರೆ. ಮಹಡಿಯ ಮೇಲೆ ಬಿಡುವುದು ಇದಕ್ಕಿಂತ ವಾಸಿ, ಆದರೆ ಬಿಸಿಲು-ಮಳೆಗೆ ನೆರಳಿಲ್ಲದಿದ್ದರೆ ಅದೂ ಶಿಕ್ಷೆಯೇ. ಜಾಲರಿ ಬೇಲಿಯನ್ನೂ ನಂಬುವಂತಿಲ್ಲ, ಅದರ ಸಂದಿನಲ್ಲೇ ನಾಯಿಗಳು ಕೂಡಿದ ಉದಾಹರಣೆಗಳಿವೆ. ಗಟ್ಟಿ ಬಾಗಿಲಿನ ಒಳಕೋಣೆ, ಹಳೆಯ ಲುಂಗಿಯ ಹಾಸು, ಕುಡಿಯುವ ನೀರು, ಮನೆಯವರ ಸಹವಾಸ ಇವಿಷ್ಟೇ ಬೇಕಾದದ್ದು. ವಾಕಿಂಗ್‌ಗೆ ಬೀದಿ ಖಾಲಿಯಿರುವ ಹೊತ್ತಿನಲ್ಲಿ, ಗಿಡ್ಡ ಹಗ್ಗ ಹಿಡಿದು ಕರೆದೊಯ್ಯಬೇಕು. ‘ಕರೆದರೆ ಬರುತ್ತದೆ’ ಎಂಬ ಭರವಸೆ ಈ ಮೂರು ವಾರ ಕೆಲಸಕ್ಕೆ ಬಾರದು. ಒಂದೇ ಸೂಲಿನ ಗಂಡುಮರಿ ಮನೆಯಲ್ಲಿದ್ದರೆ ಅದನ್ನು ಬೇರೆ ಮನೆಗೆ ಕಳಿಸುವುದೇ ಸರಿ. ಒಡಹುಟ್ಟು ಎಂಬ ಭೇದ ನಾಯಿಗಳಿಗಿಲ್ಲ.

ಡೈಪರ್ ನೆಲವನ್ನು ಕಾಯುತ್ತದೆ, ನಾಯಿಯನ್ನಲ್ಲ. ಬಾಲಕ್ಕೆ ತೂತು ಮಾಡಿದ ಮಕ್ಕಳ ಹಳೆಯ ಚಡ್ಡಿಯೂ ಅದೇ ಕೆಲಸ ಮಾಡುತ್ತದೆ. ಎರಡನ್ನೂ ಮೂರು-ನಾಲ್ಕು ಗಂಟೆಗೊಮ್ಮೆ ಬದಲಿಸದಿದ್ದರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ವಾಸನೆ ಮುಚ್ಚಲೆಂದು ಮಾರುವ ಸ್ಪ್ರೇಗಳು ಗಂಡುನಾಯಿಯ ಮೂಗಿನ ಮುಂದೆ ನಿಲ್ಲುವುದಿಲ್ಲ. ‘ಹೀಟ್’ ಎಂಬುದನ್ನು ಮೈಯ ಉಷ್ಣವೆಂದೇ ತಿಳಿದು ಊಟ ಕಡಿಮೆ ಮಾಡಿ ಮಜ್ಜಿಗೆ ಅನ್ನಕ್ಕೆ ಇಳಿಸುವುದೂ ಕೆಲವೆಡೆ ಇದೆ. ಬೆಳೆಯುವ ಮರಿಯನ್ನು ಅರೆಹೊಟ್ಟೆಯಲ್ಲಿ ಇಡುವುದಷ್ಟೇ ಅದರ ಫಲ.

ಬೀದಿಯ ಸಂಗತಿ ಬೇರೆಯೇ. ‘ಕಾರ್ತಿಕ ಮಾಸದ ನಾಯಿ’ ಎಂಬ ಬೈಗುಳದ ಹಿಂದೆ ಸರಿಯಾದ ಗಮನಿಕೆಯೊಂದಿದೆ: ನಮ್ಮ ಬೀದಿನಾಯಿಗಳು ಬಹುಪಾಲು ಮಳೆಗಾಲದ ಕೊನೆಯಿಂದ ಚಳಿಯ ಆರಂಭದವರೆಗಿನ ತಿಂಗಳುಗಳಲ್ಲೇ ಕೂಡುತ್ತವೆ. ಮನೆಯಲ್ಲಿ ಸಾಕಿದ ತಳಿಗಳು ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಹುದು, ಬೀದಿಯ ಗಂಡುಗಳೂ ವರ್ಷವಿಡೀ ಸಿದ್ಧವೇ. ಬೀದಿನಾಯಿಯೊಡನೆ ಕೂಡಿದಾಗ ಬರುವುದು ಮರಿಯೊಂದೇ ಅಲ್ಲ. ಭಾರತದಲ್ಲಿ ಸಾಮಾನ್ಯವಾಗಿ ಕಾಣುವ ಟಿವಿಟಿ ಎಂಬ ಗಡ್ಡೆ ಕೂಡುವಿಕೆಯಿಂದ ಹರಡುತ್ತದೆ. ಇದಕ್ಕೆ ವೈರಸ್ ಬೇಕಿಲ್ಲ, ಒಂದು ನಾಯಿಯ ಕ್ಯಾನ್ಸರ್ ಕೋಶಗಳೇ ಇನ್ನೊಂದರಲ್ಲಿ ನೆಟ್ಟುಕೊಂಡು ಬೆಳೆಯುತ್ತವೆ. ತಿಂಗಳುಗಳ ನಂತರ ಹೂಕೋಸಿನಂಥ ಗಡ್ಡೆ, ನಿಲ್ಲದ ರಕ್ತ ಕಾಣಿಸಿಕೊಂಡಾಗ ಮನೆಯವರು ಅದನ್ನೂ ‘ಮತ್ತೆ ಹೀಟ್’ ಎಂದು ತಿಳಿದು ಸುಮ್ಮನಿರುತ್ತಾರೆ. ವಾರಕ್ಕೊಮ್ಮೆ ಕೊಡುವ ವಿನ್‌ಕ್ರಿಸ್ಟಿನ್ ಇಂಜೆಕ್ಷನ್‌ಗೆ ಬಹುಪಾಲು ಪ್ರಕರಣಗಳು ಬಗ್ಗುತ್ತವೆ ಎಂಬುದು ಸಮಾಧಾನದ ಸಂಗತಿ. ಗಂಡುಗಳ ಜಗಳದಲ್ಲಿ ಕಡಿತದ ಗಾಯಗಳೂ ಆಗುವುದರಿಂದ ರೇಬಿಸ್ ಲಸಿಕೆ ಬಾಕಿ ಉಳಿದಿರಬಾರದು.

ಕೂಡಿದ ನಾಯಿಗಳು ಬೆನ್ನಿಗೆ ಬೆನ್ನು ಮಾಡಿ 15ರಿಂದ 30 ನಿಮಿಷ ಅಂಟಿಕೊಂಡೇ ನಿಲ್ಲುತ್ತವೆ. ಗಂಡಿನ ಅಂಗದ ಬುಡ ಒಳಗೇ ಊದಿಕೊಂಡಿರುವುದು ಅದಕ್ಕೆ ಕಾರಣ. ಆಗ ಕಲ್ಲು ಹೊಡೆಯುವುದು, ಕೋಲಿನಿಂದ ಬಿಡಿಸುವುದು ಊರೂರಲ್ಲಿ ಕಾಣುವ ಕ್ರೌರ್ಯ. ಎಳೆದರೆ ಎರಡೂ ಪ್ರಾಣಿಗಳಿಗೆ ಒಳಗೆ ಗಾಯವಾಗಬಹುದು, ಗರ್ಭ ತಪ್ಪುವುದೂ ಇಲ್ಲ.

ಹೀಗಾದ ಮೇಲೆ ಕೇಳಿಬರುವ ‘ಒಂದು ಇಂಜೆಕ್ಷನ್ ಹಾಕಿಸಿದರೆ ಸರಿಹೋಗುತ್ತದೆ’ ಎಂಬ ಸಲಹೆ ಎಲ್ಲ ರೂಢಿಗಳಿಗಿಂತ ಅಪಾಯಕಾರಿ. ಗರ್ಭ ತಡೆಯಲು ಕೊಡುತ್ತಿದ್ದ ಈಸ್ಟ್ರೋಜನ್ ಇಂಜೆಕ್ಷನ್ ಎಲುಬಿನ ಮಜ್ಜೆಯನ್ನೇ ಕುಂದಿಸಿ ಪ್ರಾಣಕ್ಕೆ ಎರವಾಗಬಲ್ಲದು. ಬೆದೆಯೇ ಬಾರದಂತೆ ಕೊಡುವ ಪ್ರೊಜೆಸ್ಟರಾನ್ ಗುಂಪಿನ ಔಷಧಗಳು ಗರ್ಭಕೋಶದ ಕೀವು, ಮೊಲೆಯ ಗಡ್ಡೆ, ಸಕ್ಕರೆ ಕಾಯಿಲೆಗಳ ಅಪಾಯವನ್ನು ಹೆಚ್ಚಿಸುತ್ತವೆ. ಮರಿ ಬೇಡವೆಂದಾದರೆ ಕೆಲವು ವಾರಗಳಲ್ಲಿ ಗರ್ಭಕೋಶ ತೆಗೆಸುವ ದಾರಿಯಿದೆ. ಯಾವುದು ಸರಿ ಎಂಬುದನ್ನು ಪಶುವೈದ್ಯರು ನಾಯಿಯನ್ನು ನೋಡಿ ನಿರ್ಧರಿಸಬೇಕು, ಔಷಧದ ಅಂಗಡಿಯವರಲ್ಲ.

‘ಒಂದು ಸಲವಾದರೂ ಮರಿ ಹಾಕಲಿ, ಆರೋಗ್ಯಕ್ಕೆ ಒಳ್ಳೆಯದು’ ಎಂಬ ನಂಬಿಕೆಗೆ ಆಧಾರವಿಲ್ಲ. ಮೊದಲ ಬೆದೆಯಲ್ಲೇ ಕ್ರಾಸ್ ಮಾಡಿಸುವುದಂತೂ ಇನ್ನೂ ಬೆಳೆಯುತ್ತಿರುವ ದೇಹದ ಮೇಲೆ ಹೇರುವ ಭಾರ. 2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ಸಂತತಿ ಮಾಡಿಸಿ ಮಾರುವವರು 18 ತಿಂಗಳು ತುಂಬದ ಹೆಣ್ಣುನಾಯಿಯನ್ನು ಬಳಸುವಂತಿಲ್ಲ. ಮಾರಾಟಗಾರನಿಗೆ ಸಲ್ಲದ್ದು ಮನೆಯಲ್ಲಿ ಪ್ರೀತಿಯಿಂದ ಸಾಕಿದವರಿಗೆ ಸಲ್ಲುವುದಾದರೂ ಹೇಗೆ?

ಬೆದೆ ಮುಗಿದ ಮುಂದಿನ ಎರಡು ತಿಂಗಳ ಬಗ್ಗೆ ಮನೆಗಳ ರೂಢಿಯಲ್ಲಿ ಒಂದು ಮಾತೂ ಇಲ್ಲ. ಈ ಆರೈಕೆಯ ಅತಿ ದೊಡ್ಡ ಕೊರತೆ ಇದೇ. ಗಬ್ಬವಾಗಿರಲಿ ಬಿಡಲಿ, ಈ ಅವಧಿಯಲ್ಲಿ ನಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ಏರಿರುತ್ತದೆ. ಅದು ಇಳಿಯುವ ಹೊತ್ತಿಗೆ ಕೆಲವು ನಾಯಿಗಳಲ್ಲಿ ಸುಳ್ಳು ಬಸಿರು ಕಾಣಿಸುತ್ತದೆ: ಮೊಲೆ ತುಂಬಿ ಹಾಲು ಬರುತ್ತದೆ, ನಾಯಿ ಮಂಚದ ಕೆಳಗೆ ಬಟ್ಟೆ ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ, ರಬ್ಬರ್ ಆಟಿಕೆಯೊಂದನ್ನು ಮರಿಯೆಂದು ಅವುಚಿಕೊಂಡು ಹತ್ತಿರ ಬಂದವರ ಮೇಲೆ ಗುರುಗುಟ್ಟುತ್ತದೆ. ಬೈಯಬೇಕಿಲ್ಲ, ಹಾಲು ಹಿಂಡಲೂಬಾರದು. ಹಿಂಡಿದಷ್ಟೂ ಹಾಲು ಊರುತ್ತದೆ. ಎರಡು-ಮೂರು ವಾರಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಅಂಜಬೇಕಾದದ್ದು ಪಯೊಮೆಟ್ರಾಗೆ, ಅಂದರೆ ಗರ್ಭಕೋಶದಲ್ಲಿ ಕೀವು ತುಂಬುವುದಕ್ಕೆ. ಇದು ನಡುವಯಸ್ಸು ದಾಟಿದ ನಾಯಿಗಳಲ್ಲಿ ಹೆಚ್ಚು, ಆದರೆ ಚಿಕ್ಕ ವಯಸ್ಸಿನಲ್ಲೂ ಬಾರದೆ ಇರುವುದಿಲ್ಲ. ಸ್ವೀಡನ್ನಿನ ವಿಮಾ ದಾಖಲೆಗಳಂತೆ ಸಂತಾನಹರಣ ಆಪರೇಷನ್ ಆಗದ ಹೆಣ್ಣುನಾಯಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹತ್ತು ವರ್ಷದೊಳಗೆ ಈ ಕಾಯಿಲೆ ಬಂದಿದೆ.

ಆಪರೇಷನ್ ಯಾವಾಗ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡುವವರನ್ನು ನಂಬಬಾರದು. 1969ರ ಕ್ಯಾಲಿಫೋರ್ನಿಯಾ ಅಧ್ಯಯನವೊಂದರ ಪ್ರಕಾರ ಆಪರೇಷನ್ ಆಗದ ನಾಯಿಗಿರುವ ಮೊಲೆಗಡ್ಡೆಯ ಅಪಾಯವನ್ನು 100 ಎಂದುಕೊಂಡರೆ, ಮೊದಲ ಬೆದೆಗೆ ಮುಂಚೆ ಮಾಡಿಸಿದ್ದಕ್ಕೆ 0.5, ಒಂದು ಬೆದೆಯ ಮೇಲೆ 8, ಎರಡರ ಮೇಲೆ 26. ಈ ಅಂಕಿಗಳನ್ನು ನಲವತ್ತಕ್ಕೂ ಹೆಚ್ಚು ವರ್ಷ ವೇದವಾಕ್ಯದಂತೆ ಹೇಳಲಾಯಿತು. 2012ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಪುರಾವೆಗಳನ್ನೆಲ್ಲ ತೂಗಿ ನೋಡಿ ಅವು ದುರ್ಬಲವೆಂದರು. ಇನ್ನೊಂದೆಡೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ 2013 ಮತ್ತು 2020ರ ಅಧ್ಯಯನಗಳು ಹಲವು ದೊಡ್ಡ ತಳಿಗಳಲ್ಲಿ ವರ್ಷದೊಳಗಿನ ಆಪರೇಷನ್‌ನಿಂದ ಕೀಲಿನ ತೊಂದರೆ ಹೆಚ್ಚುವುದನ್ನು ತೋರಿಸಿದವು. ಸಣ್ಣ ತಳಿಗಳಲ್ಲಿ ಹಾಗೆ ಕಾಣಲಿಲ್ಲ. ಹೀಗಾಗಿ ಪಗ್, ಪಮೇರಿಯನ್‌ಗೆ ಮೊದಲ ಬೆದೆಗೆ ಮುಂಚೆಯೇ ಮಾಡಿಸಬಹುದು, ಲ್ಯಾಬ್ರಡಾರ್‌ನಂತಹ ದೊಡ್ಡ ತಳಿಗೆ ಬೆಳವಣಿಗೆ ಮುಗಿಯುವವರೆಗೆ ಕಾಯುವುದು ಒಳ್ಳೆಯದು. ಆದರೆ ಈ ‘ಕಾಯಿರಿ’ ಎಂಬ ಸಲಹೆ ಹುಟ್ಟಿದ್ದು ಬೀದಿನಾಯಿಗಳು ವಿರಳವಾದ ಊರುಗಳಲ್ಲಿ. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಬಡಾವಣೆಗಳಲ್ಲಿ ಗೇಟಿನಾಚೆಗೇ ಗಂಡುನಾಯಿಗಳಿರುವಾಗ, ಮೂರು ವಾರ ನಾಯಿಯನ್ನು ಒಳಗೆ ಕಾಯಲಾಗದ ಮನೆಗೆ ಬೇಗ ಮಾಡಿಸುವುದೇ ಸರಿಯಾದ ಆಯ್ಕೆ. ಬೆದೆಯಲ್ಲಿರುವಾಗ ರಕ್ತನಾಳಗಳು ತುಂಬಿಕೊಂಡಿರುವುದರಿಂದ ಆಪರೇಷನ್‌ನಲ್ಲಿ ರಕ್ತ ಹೆಚ್ಚು ಹೋಗುತ್ತದೆ. ಆದ್ದರಿಂದ ಬೆದೆ ಮುಗಿದು ಎರಡು-ಮೂರು ತಿಂಗಳ ನಂತರದ ದಿನ ಗೊತ್ತುಮಾಡುತ್ತಾರೆ.

ಆಪರೇಷನ್ ಬೇಡವೆಂದು ತೀರ್ಮಾನಿಸಿದ ಮನೆಯಲ್ಲಿ ಮೊದಲ ಬೆದೆಯಿಂದ ಸುಮಾರು ಆರೇಳು ತಿಂಗಳಿಗೆ ಎರಡನೆಯ ಬೆದೆ ಬರುತ್ತದೆ. ಅಲ್ಲಿಯವರೆಗೆ, ಅದರಲ್ಲೂ ಮೊದಲ ಎರಡು ತಿಂಗಳು, ನಾಯಿ ಅತಿಯಾಗಿ ನೀರು ಕುಡಿದು, ಊಟ ಬಿಟ್ಟು, ವಾಂತಿ ಮಾಡಿ ಮಂಕಾದರೆ, ಕೀವು ಹೊರಗೆ ಕಾಣದಿದ್ದರೂ ಅದೇ ದಿನ ಪಶುವೈದ್ಯರ ಹತ್ತಿರ ಕರೆದೊಯ್ಯಬೇಕು. ಅವರು ಕೇಳುವ ಮೊದಲ ಪ್ರಶ್ನೆ, ಬೆದೆ ಯಾವ ತಾರೀಖಿಗೆ ಶುರುವಾಯಿತು ಎಂಬುದು.