ಗಂಡಸಿನ ಮೈಮೇಲೆ ಬಂದ ದೆವ್ವ

ಮುಂಬಯಿಯ ಮುಲುಂಡ್ ಚೆಕ್‌ನಾಕಾದ ಈಚೆಯಾಗಲಿ ಆಚೆಯಾಗಲಿ, ನಾಲ್ಕು ಮಂದಿ ಕನ್ನಡಿಗರು ಕೂತು ಹೆದರಿಸಿದ ಸಿನಿಮಾಗಳ ಮಾತು ತೆಗೆದರೆ ಒಂದು ತೀರ್ಪು ತಾನಾಗಿ ಬಂದು ಬೀಳುತ್ತದೆ: ಚಿಕ್ಕಂದಿನಲ್ಲಿ ನಮ್ಮ ನಿದ್ದೆ ಕೆಡಿಸಿದ್ದು ಹಿಂದಿಯ ರಾಮ್ಸೆ ಸೋದರರು, ಕನ್ನಡದಲ್ಲಿ ಮರ್ಯಾದೆಯ ದೆವ್ವದ ಚಿತ್ರ ಬಂದದ್ದು 2004ರ ‘ಆಪ್ತಮಿತ್ರ’ದಿಂದ, ಅದಕ್ಕೂ ಹಿಂದಿನ ‘ನಾ ನಿನ್ನ ಬಿಡಲಾರೆ’ ಎಂಬುದು ಮಂತ್ರಾಲಯದ ಭಕ್ತಿಚಿತ್ರ, ನಡುವೆ ಒಂದು ಪಿಶಾಚಿ ಬಂದುಹೋಗುತ್ತದೆ ಅಷ್ಟೆ. ಈ ಮೂರರಲ್ಲಿ ಮೊದಲನೆಯದನ್ನು ಬಾಲ್ಯದ ಮೇಲಿನ ಮಮತೆಯೆಂದು ಕ್ಷಮಿಸಬಹುದು. ಎರಡನೆಯದು ತಪ್ಪು. ಮೂರನೆಯದನ್ನು ಕೇಳಿ ಸುಮ್ಮನಿರುವುದು ಕಷ್ಟ. 1979ರ ಆ ಚಿತ್ರದಷ್ಟು ಆಳಕ್ಕೆ ಇಳಿದು ಹೆದರಿಸಿದ ಇನ್ನೊಂದು ಚಿತ್ರ ಕನ್ನಡದಲ್ಲಿ ಇವತ್ತಿಗೂ ಬಂದಿಲ್ಲವೆಂಬುದು ನನ್ನ ವಾದ. (ಹುತ್ತಕ್ಕೆ ಕೈ ಹಾಕುವ ಯಮುನಕ್ಕನನ್ನು ಹುಡುಗನೊಬ್ಬನ ಕಣ್ಣಿನಿಂದ ತೋರಿಸಿದ ‘ಘಟಶ್ರಾದ್ಧ’ವನ್ನು ಯಾರಾದರೂ ಮುಂದೆ ತಂದರೆ ಜಗಳಕ್ಕೆ ಬರುವುದಿಲ್ಲ. ಆದರೆ ಅದು ದೆವ್ವವಿಲ್ಲದ ಚಿತ್ರ.)

ರಾಮ್ಸೆಗಳನ್ನು ಬೇಗ ಮುಗಿಸೋಣ. ಅವರ ಇಡೀ ಉದ್ಯಮ ಹುಟ್ಟಿದ್ದು ಒಂದು ಮುಖವಾಡದಿಂದ. 1970ರ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಸೋತಿತು. ಆದರೆ ಪೃಥ್ವಿರಾಜ್ ಕಪೂರ್ ಮುಖವಾಡ ತೊಟ್ಟು ಮ್ಯೂಸಿಯಂ ದೋಚುವ ಒಂದು ದೃಶ್ಯಕ್ಕೆ ಮಾತ್ರ ಜನ ಬರುತ್ತಿದ್ದರು. ಮನೆಯ ಮಕ್ಕಳು ಅದನ್ನು ಗಮನಿಸಿದರು, 1972ರಲ್ಲಿ ‘ದೋ ಗಜ್ ಜಮೀನ್ ಕೆ ನೀಚೆ’ ಮಾಡಿದರು, ಮುಂದಿನದು ಗೊತ್ತೇ ಇದೆ: ‘ಪುರಾನಾ ಮಂದಿರ್’ನ ಸಾಮ್ರಿ ಎಂಬ ಪಿಶಾಚಿ, ‘ವೀರಾನಾ’, ಹಳೇ ಹವೇಲಿ, ಮಂಜು, ಕಿರುಗುಟ್ಟುವ ಬಾಗಿಲು. ಅಗ್ಗದ ಚಿತ್ರಗಳೆಂದು ಅವರನ್ನು ಹೀಗಳೆಯುವುದು ಸುಲಭ; ನನ್ನ ತಕರಾರು ಅದಲ್ಲ. ಅವರ ದೆವ್ವ ಊರ ಹೊರಗಿನದು. ಹವೇಲಿಗೆ ಹೋಗದಿದ್ದರೆ ಆಯಿತು, ನೀವು ಕ್ಷೇಮ. ಆ ಸಾಮ್ರಿಗೆ ಒಂದು ಕೋಣೆ, ಒಂದು ಅಡುಗೆಮನೆಯ ಮುಲುಂಡಿನ ಚಾಳಿನೊಳಗೆ ನಿಲ್ಲಲು ಜಾಗವೂ ಇಲ್ಲ, ಕಾರಣವೂ ಇಲ್ಲ. ಅಂಥ ಚಿತ್ರ ನಮ್ಮನ್ನು ಬೆಚ್ಚಿಬೀಳಿಸುತ್ತದೆ. ಹೆದರಿಕೆಯ ಮಾತು ಬೇರೆ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಬದುಕುವ ಮುಲುಂಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದುರಿಗೆ ಬಂದ ಚಿರತೆ ಬೆಚ್ಚಿಬೀಳಿಸುತ್ತದೆ. ಎಲ್ಲೋ ಇದೆ ಎಂದಷ್ಟೇ ಗೊತ್ತಿರುವ ಚಿರತೆ ಕತ್ತಲಾಗುವ ಮೊದಲೇ ಮಕ್ಕಳನ್ನು ಒಳಗೆ ಕರೆಸುತ್ತದೆ.

‘ನಾ ನಿನ್ನ ಬಿಡಲಾರೆ’ಯ ದೆವ್ವಕ್ಕೆ ಹವೇಲಿ ಬೇಕಿಲ್ಲ. ವಿಜಯ್ ನಿರ್ದೇಶಿಸಿದ ಈ ಚಿತ್ರದಲ್ಲಿ ಕೃಷ್ಣನನ್ನು ಬಯಸಿ ಅವನಿಂದ ದೂರವಾದ ಕಾಮಿನಿ ಸತ್ತ ಮೇಲೆ ಅವನ ಮೈಯನ್ನೇ ಹೊಗುತ್ತಾಳೆ. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮ್ಮ ದೆವ್ವದ ಚಿತ್ರಗಳಲ್ಲಿ ಆತ್ಮಕ್ಕೆ ಸಿಗುವ ಮನೆ ಬಹುಪಾಲು ಹೆಂಗಸಿನ ಮೈ: ಅವಳ ಕೂದಲು ಬಿಚ್ಚುತ್ತದೆ, ಕಣ್ಣು ಕೆಂಪಾಗುತ್ತದೆ, ಗಂಡಸರು ಸುತ್ತ ನಿಂತು ಮಂತ್ರವಾದಿಯನ್ನೋ ಡಾಕ್ಟರನ್ನೋ ಕರೆಸುತ್ತಾರೆ. ಇಲ್ಲಿ ಹೊಕ್ಕಿರುವುದು ಗಂಡನ ಮೈ. ಮನೆಯಲ್ಲಿ ತಲೆ ನೆಟ್ಟಗಿರುವ ಒಬ್ಬಳೇ ವ್ಯಕ್ತಿ ಹೆಂಡತಿ ಗಾಯತ್ರಿ, ಅಂದರೆ ಲಕ್ಷ್ಮಿ. ತಾನು ಊಟ ಬಡಿಸುತ್ತಿರುವುದು ಯಾರಿಗೆ, ಪಕ್ಕದಲ್ಲಿ ಮಲಗುವವನು ಯಾರು ಎಂದು ಅವಳಿಗೆ ಗೊತ್ತಿಲ್ಲ. ಅನಂತನಾಗ್ ಅದನ್ನು ಮುಖವಾಡವಿಲ್ಲದೆ, ತಮ್ಮದೇ ಮುಖದಲ್ಲಿ ಮಾಡುತ್ತಾರೆ. ಕೃಷ್ಣ ಎಲ್ಲಿ ಮುಗಿದ, ಕಾಮಿನಿ ಎಲ್ಲಿ ಶುರುವಾದಳು ಎಂಬ ಗೆರೆಯನ್ನು ಅವರು ಒಂದೇ ಕಡೆ ಎಳೆಯುವುದಿಲ್ಲ. ಈ ನಟ ಸಿನಿಮಾಕ್ಕೆ ಬರುವ ಮುಂಚೆ ಪಳಗಿದ್ದು ಇದೇ ಮುಂಬಯಿಯ ರಂಗಭೂಮಿಯಲ್ಲಿ, ಸತ್ಯದೇವ ದುಬೆಯಂಥವರ ಜೊತೆಗೆ. ಮೇಕಪ್ಪಿನ ನೆರವಿಲ್ಲದೆ ಇನ್ನೊಬ್ಬರಾಗುವುದು ಅಲ್ಲಿಯ ವಿದ್ಯೆ.

ಈ ಭಯ ಕರಾವಳಿಯಿಂದ ಬಂದು ಮುಲುಂಡಿನಲ್ಲಿ ನೆಲೆಸಿದವರ ಮನೆಗಳಲ್ಲಿ ಇನ್ನಷ್ಟು ಆಳವಾಗಿ ನಾಟಲು ಕಾರಣವಿದೆ. ಗಂಡಸಿನ ಮೈಮೇಲೆ ಮತ್ತೊಂದು ಶಕ್ತಿ ಬರುವುದು ಅವರಿಗೆ ಕಟ್ಟುಕತೆಯಲ್ಲ. ಭೂತಕೋಲದಲ್ಲಿ ಮೊದಲು ಎಣ್ಣೆ-ವೀಳ್ಯ ಕೊಟ್ಟು ಅಪ್ಪಣೆ ನೀಡುವ ಎಣ್ಣೆಬೂಳ್ಯ ಆಗಬೇಕು. ಆಮೇಲೆ ಮುಖಕ್ಕೆ ಅರದಾಳದ ಹಳದಿ ಹಚ್ಚಿ, ಪಾಡ್ದನದ ಹಾಡು ನಡೆಯುತ್ತಿರುವಂತೆ ಎಳೆಯ ತೆಂಗಿನ ಗರಿಯ ಸಿರಿ ಕಟ್ಟಿ, ಕಾಲಿಗೆ ಗಗ್ಗರ ಏರಿಸಿದ ಮೇಲಷ್ಟೇ ಮನುಷ್ಯ ದೈವವಾಗುತ್ತಾನೆ. ಆ ದೈವ ಹೆಣ್ಣೂ ಆಗಿರಬಹುದು. ಯಕ್ಷಗಾನದಲ್ಲಂತೂ ಗಂಡಸೇ ದ್ರೌಪದಿ. ಅಂದರೆ ಗಂಡು ಹೆಣ್ಣಾಗುವುದನ್ನು, ಮನುಷ್ಯ ಮನುಷ್ಯನಲ್ಲದ್ದಾಗುವುದನ್ನು ನೋಡುವ ಕಣ್ಣು ಅವರಿಗೆ ಮೊದಲೇ ಇದೆ. ಜೊತೆಗೆ ಅದಕ್ಕೆ ಅಪ್ಪಣೆ, ಕ್ರಮ, ಹೊತ್ತುಗಳಿವೆ ಎಂಬ ಧೈರ್ಯವೂ ಇದೆ. ‘ನಾ ನಿನ್ನ ಬಿಡಲಾರೆ’ ಆ ಧೈರ್ಯದ ಕಾಲು ಮುರಿಯುತ್ತದೆ. ಅದೇ ಬಾಗಿಲು ತೆರೆದಿದೆ, ಆದರೆ ಎಣ್ಣೆಬೂಳ್ಯವಿಲ್ಲ, ಗಗ್ಗರವಿಲ್ಲ, ಯಾರೂ ಕರೆದಿಲ್ಲ.

‘ಆಪ್ತಮಿತ್ರ’ವೇ ಪ್ರೌಢ ಎನ್ನುವವರ ಆಧಾರ ಅದು ಭೂತವನ್ನು ಮನೋರೋಗವೆಂದು ವಿವರಿಸುತ್ತದೆ ಎಂಬುದು. 1993ರ ಮಲಯಾಳಂ ‘ಮಣಿಚ್ಚಿತ್ರತ್ತಾಳ್’ ಬಗ್ಗೆ ಆ ಮಾತು ಒಪ್ಪುವೆ. ಪಿ. ವಾಸು ಅದನ್ನು ಕನ್ನಡಕ್ಕೆ ತಂದಾಗ ಡಾಕ್ಟರರ ಜೊತೆಗೆ ಒಂದು ದೈತ್ಯ ಹಾವನ್ನೂ ಮನೆಯೊಳಗೆ ಬಿಟ್ಟರು. ಗಂಗಾಳ ಮನಸ್ಸಿಗೆ ವೈದ್ಯಶಾಸ್ತ್ರವಿದೆ. ಹಾವಿಗೆ ಯಾವ ಶಾಸ್ತ್ರವಿದೆಯೋ ಚಿತ್ರ ಹೇಳುವುದಿಲ್ಲ. ಗಂಗಾಳಾಗಿ ಸೌಂದರ್ಯ ಅವರ ನಟನೆಗೆ ತಲೆಬಾಗಲೇಬೇಕು, ಬಿಡುಗಡೆಗೆ ಮೊದಲೇ ಅವರು ತೀರಿಕೊಂಡದ್ದು ಆ ಕೊನೆಯ ದೃಶ್ಯಗಳಿಗೆ ಬೇರೊಂದು ಭಾರ ಕೊಟ್ಟಿತೆಂಬುದೂ ನಿಜ. ಆದರೂ ಡಾಕ್ಟರಾಗಿ ವಿಷ್ಣುವರ್ಧನ್ ಮನೆಯೊಳಗೆ ಕಾಲಿಟ್ಟ ಗಳಿಗೆಯಿಂದ ನಮಗೆ ಗೊತ್ತು, ಏನೂ ಆಗುವುದಿಲ್ಲ. ಗಾಯತ್ರಿಯ ಮನೆಗೆ ಅಂಥ ಆಪ್ತಮಿತ್ರನೊಬ್ಬನೂ ಬರುವುದಿಲ್ಲ.

ಹಾಗಾದರೆ ಮಂತ್ರಾಲಯ? ಕೊನೆಗೆ ರಾಯರು ಬಂದು ಕಾಪಾಡುವುದು ಭಯಕ್ಕೆ ಮಾಡಿದ ದ್ರೋಹವಲ್ಲವೇ ಎಂದು ಕೇಳುತ್ತಾರೆ. ಪವಾಡ ಅವಸರದ್ದು, ಒಪ್ಪಿದೆ. ಆದರೆ ಡಾಕ್ಟರು ಕಾಪಾಡಿದರೆ ವಿಜ್ಞಾನ, ಗುರು ಕಾಪಾಡಿದರೆ ದುರ್ಬಲ ಚಿತ್ರಕತೆ ಎನ್ನುವ ಲೆಕ್ಕ ಯಾವ ಅಂಗಡಿಯದು? ವಾರ ಬಂದರೆ ಮಠಕ್ಕೆ ಹೋಗುವ ಪ್ರೇಕ್ಷಕರಿಗೆ ಮಂತ್ರಾಲಯ ತಲುಪಬೇಕಾದ ಊರು, ಟಿಕೆಟ್ ತೆಗೆಸಿ ಹೋಗುವ ಊರು. ಮನುಷ್ಯರ ಕೈಯಲ್ಲಿದ್ದ ಉಪಾಯಗಳೆಲ್ಲ ಮುಗಿದವೆಂಬುದೇ ಅಲ್ಲಿಗೆ ಹೋಗುವುದರ ಅರ್ಥ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಬಯಸಿದ ಹೆಣ್ಣನ್ನು ಪಿಶಾಚಿ ಮಾಡಿ, ತಾಳಿಯ ಹೆಣ್ಣನ್ನು ಗೆಲ್ಲಿಸುವ ಹಳೇ ಹೆಣ್ಣುದ್ವೇಷ ಇದರಲ್ಲಿದೆ. ಇದೆ. ಆದರೂ ತನ್ನನ್ನು ಬೇಡವೆಂದವನ ಮೈಯನ್ನೇ ತನ್ನದು ಮಾಡಿಕೊಂಡು ಅವನ ಮನೆಯಲ್ಲಿ ಓಡಾಡುವ ಅಧಿಕಾರ ಬೇರೆ ಯಾವ ಕನ್ನಡ ಚಿತ್ರ ಅಂಥ ಹೆಣ್ಣಿಗೆ ಕೊಟ್ಟಿದೆ?

ನಿಜವಾದ ಜಗಳ ರುಚಿಯದು. ಹಾವು ಗಂಡನ ರೂಪ ತಾಳಿ ಹೆಂಡತಿಯ ಬಳಿ ಬರುವ ‘ನಾಗಮಂಡಲ’ವನ್ನು ಗಿರೀಶ ಕಾರ್ನಾಡರು ಬರೆದರೆ ಅದು ಜಾನಪದದ ಮರುಹುಟ್ಟು, ತರಗತಿಯ ಪಾಠ. ಸತ್ತವಳು ಗಂಡನ ರೂಪದೊಳಗೆ ಕೂತರೆ ಅದು ಟಾಕೀಸಿನ ಸರಕು. ಮುಲುಂಡಿನ ಮೆಹುಲ್‌ನಂಥ ಒಂಟಿ ಪರದೆಯ ಟಾಕೀಸಿನ ಪ್ರೇಕ್ಷಕ ಮಾಲ್‌ಗೆ ಬಂದಮೇಲೂ ಈ ಪಂಕ್ತಿಭೇದ ಹೋಗಿಲ್ಲ. ವೇಷ ಮಾತ್ರ ಬದಲಾಗಿದೆ. 2022ರ ‘ಕಾಂತಾರ’ ದೈವವನ್ನು ಮತ್ತೆ ತೆರೆಗೆ ತಂದಿತು, ರಿಷಬ್ ಶೆಟ್ಟಿಯ ಕೂಗಿಗೆ ಮೈ ಜುಮ್ಮೆಂದದ್ದು ಸುಳ್ಳಲ್ಲ. ಆದರೆ ಆ ಜುಮ್ಮು ಬಹುಬೇಗ ಹೆಮ್ಮೆಯಾಯಿತು. ದೈವದ ವೇಷ ಹಾಕಿಕೊಂಡು ಚಿತ್ರಮಂದಿರಕ್ಕೆ ಬರಬೇಡಿ ಎಂದು ಎರಡನೆಯ ಚಿತ್ರದ ಹೊತ್ತಿಗೆ ನಿರ್ಮಾಪಕರೇ ಬೇಡಿಕೊಳ್ಳಬೇಕಾಯಿತು. ಕಾಮಿನಿಯ ವೇಷ ಹಾಕಿಕೊಂಡು ಬರುವ ಆಸೆ ಯಾರಿಗೂ ಆಗಲಾರದು.

ಇದೇ ವಿಜಯ್, ಇದೇ ಅನಂತನಾಗ್ 1981ರಲ್ಲಿ ರೇಖಾ ಜೊತೆಗೂಡಿ ‘ನಾ ನಿನ್ನ ಬಿಡಲಾರೆ’ಯನ್ನು ಹಿಂದಿಗೆ ತಂದರು. ರಾಮ್ಸೆಗಳನ್ನು ಇವತ್ತಿಗೂ ಮೆಲುಕು ಹಾಕುವ ಮುಂಬಯಿ ಅದನ್ನು ಮರೆತಿದೆ. ಕಾರಣದ ಎಳೆಯೊಂದು ಹೆಸರಿನಲ್ಲೇ ಸಿಗಬಹುದು. ಕನ್ನಡದ ಹೆಸರು ಒಂದು ಮಾತು, ಅದನ್ನು ಆಡುತ್ತಿರುವವರು ಯಾರೆಂದು ಹೇಳಿಲ್ಲ. ಕಾಮಿನಿ ಕೃಷ್ಣನಿಗೆ ಹೇಳಬಹುದು, ಗಾಯತ್ರಿ ಗಂಡನಿಗೆ ಹೇಳಬಹುದು, ಭಕ್ತ ರಾಯರಿಗೆ ಹೇಳಬಹುದು. ಪ್ರೀತಿಯೂ ಬೆದರಿಕೆಯೂ ಪ್ರಾರ್ಥನೆಯೂ ಅದೇ ಮೂರು ಪದ. ಹಿಂದಿಯಲ್ಲಿ ಅದಕ್ಕೆ ಇಟ್ಟ ಹೆಸರು ‘ಮಂಗಲಸೂತ್ರ’.